ಕೆಲಸ ಕೊಡಿಸುವ ಹೆಂಗಸಿನ ಪಾತ್ರ

ಕೆಲಸದ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಮಾರುವವರ ಬಗ್ಗೆ ನಮ್ಮ ತಂಡ ಬೀದಿನಾಟಕ ಆಡುತ್ತದೆ. ಅದರಲ್ಲಿ ನಾನು ದಲ್ಲಾಳಿ. ಮುಖಕ್ಕೆ ಹೊಂದುವ ಪಾತ್ರ ಅಂತ ನನ್ನ ಗಂಡ ಅಂದ. ಅವತ್ತು ಊಟ ಅವನೇ ಬಡಿಸಿಕೊಂಡ.

ನಾಟಕ ಹೇಳದೆ ಕೇಳದೆ ಶುರುವಾಗುತ್ತದೆ. ತಮಟೆ ಬರುವ ಮೊದಲೇ ನಾನು ಜನರ ಮಧ್ಯೆ ನಿಂತು, ನಮ್ಮದೇ ತಂಡದ ಹುಡುಗಿಗೆ ಬಲೆ ಬೀಸಬೇಕು. ಒಂದು ಸಲ ಹೂಟಗಳ್ಳಿಯ ಆಟಕ್ಕೆ ಪುಟ್ಟ ಮಗಳನ್ನೂ ಕರೆದುಕೊಂಡು ಹೋಗಿದ್ದೆ. "ಮುಂಬೈಲಿ ಒಳ್ಳೆ ಕೆಲಸ ಐತೆ, ನಿಮ್ಮಮ್ಮಂಗೆ ಹೇಳ್ಬೇಡ ಕಣಮ್ಮ" ಅನ್ನುವಷ್ಟರಲ್ಲಿ ಸೊಪ್ಪು ಮಾರುತ್ತಿದ್ದ ಅಕ್ಕ ಒಬ್ಬರು ನನ್ನ ಕೈ ಹಿಡಿದರು.

"ಯಾರೇ ನೀನು?"

"ಬುಡಿ ಅಕ್ಕಾ, ಇದು ನಾಟಕ."

"ನಿನ್ ನಾಟಕ ನಂಗೂ ಗೊತ್ತು ಕಣೇ. ಈ ಮಗು ಯಾರ್ದು?"

"ನಂದೇ!"

ಅಕ್ಕ ಬಗ್ಗಿ ಮಗಳನ್ನೇ ಕೇಳಿದರು: "ಇವ್ಳು ನಿಮ್ಮಮ್ಮನಾ ಪುಟ್ಟಿ?"

ಗುರುತಿಲ್ಲದವರು ಏನು ಕೇಳಿದರೂ ಬಾಯಿ ಬಿಡಬೇಡ ಅಂತ ಕಲಿಸಿದ್ದವಳು ನಾನೇ. ಮನೆಯಲ್ಲಿ ಒಂದು ಮಾತೂ ಕೇಳದ ಮಗಳು ಅವತ್ತು ತುಟಿ ಬಿಗಿದು ನಿಂತಳು. ಜನ ಸೇರಿದರು, ಪೊಲೀಸರಿಗೆ ಫೋನ್ ಮಾಡಿ ಅಂದರು. ತಂಡದ ಹುಡುಗಿ "ಇವರು ನಮ್ಮವರೇ" ಅಂದರೆ, "ಪಾಪ, ಆಗ್ಲೇ ತಲೆ ಕೆಡಿಸ್ಬುಟ್ಟವ್ಳೆ" ಅಂದರು.

ತಮಟೆಯ ಜೊತೆ ತಂಡ ಬಂದ ಮೇಲೆ ಅಕ್ಕ ನನ್ನ ಕೈ ಬಿಟ್ಟರು, ಮಗಳನ್ನು ಬಿಡಲಿಲ್ಲ. ತೊಡೆ ಮೇಲೆ ಕೂರಿಸಿಕೊಂಡೇ ನಾಟಕ ನೋಡಿದರು. ಕೊನೆಗೆ ಪೊಲೀಸ್ ವೇಷದವನು ನನ್ನನ್ನು ಎಳೆದೊಯ್ಯುವಾಗ ಮಗಳು "ಅಮ್ಮಾ" ಅಂತ ಕಿರುಚಿದಳು. ಆಗ ಕೊಟ್ಟರು.

"ಮಗು ನಿಂದೇ, ಸರಿ. ಆ ಮಾತೆಲ್ಲ ಎಲ್ಲಿ ಕಲಿತೆ?"

ನಾವು ಬಸ್ ಹತ್ತುವವರೆಗೂ ವ್ಯಾಪಾರ ಬಿಟ್ಟು ನನ್ನ ಮೇಲೇ ಕಣ್ಣಿಟ್ಟಿದ್ದರು. ನಮ್ಮತ್ತೆಗೂ ನನ್ನ ಮೇಲೆ ಇಷ್ಟು ಅನುಮಾನವಿಲ್ಲ.