ಅಡಿವೆವ್ವನ ಭತ್ತ ಮತ್ತು ನಲವತ್ತನೆಯ ನಂಬರು

1988ರ ಮಹಾನವಮಿ ಕಳೆದ ಮೂರನೆಯ ದಿನ, ಹಾನಗಲ್ಲಿನ ಬೀಜ ಪರೀಕ್ಷೆಯ ಕೋಣೆಯಲ್ಲಿ ಕಂಪ್ಯೂಟರು ಎಚ್ಚೆತ್ತು, ಇವತ್ತು 1980ರ ಜನವರಿ ಒಂದು ಎಂದಿತು. ಗುತ್ತೆಪ್ಪನಿಗೆ ಅದನ್ನು ಕೂಡಲೇ ತಿದ್ದಲು ಮನಸ್ಸಾಗಲಿಲ್ಲ. 1980ರಲ್ಲಿ ಅಡಿವೆವ್ವ ಬದುಕಿದ್ದಳು.

ಗುತ್ತೆಪ್ಪ ಯಲವಿಗಿಯವನು. ಅಪ್ಪ ಮಾಳಪ್ಪ ಸರ್ವೆಯವರ ಹಿಂದೆ ಸರಪಳಿ ಹಿಡಿದು ಊರೂರಿನ ಹೊಲ ಅಳೆದವನು. ಮಗ ಬಿ.ಎಸ್ಸಿ. ಮುಗಿಸಿ ಈ ಕೋಣೆಗೆ ಸೇರಿದ. ಒದ್ದೆ ಬಟ್ಟೆಯಲ್ಲಿ ನೂರು ಕಾಳು ಇಟ್ಟು ಏಳನೆಯ ದಿನ ಎಷ್ಟು ಮೊಳೆತವೆಂದು ಎಣಿಸುವುದು ಅವನ ಕೆಲಸ. ಎಣಿಸಿದ್ದನ್ನು ಇನ್ನೊಮ್ಮೆ ಎಣಿಸುವುದು ಅವನ ಚಾಳಿ. ಎರಡು ವರ್ಷದ ಹಿಂದೆ ಕಂಪ್ಯೂಟರು ಬಂದಾಗ ಅದೂ ಅವನ ಪಾಲಿಗೇ ಬಿತ್ತು.

ಅಡಿವೆವ್ವ ಅಕ್ಕಿಆಲೂರಿನ ಕಡೆಯ ಮುದುಕಿ. ಐವತ್ತೆರಡು ಬಗೆಯ ಭತ್ತ ಬಲ್ಲವಳು. ಯಾವುದನ್ನು ಯಾವ ಮಳೆಗೆ ಬಿತ್ತಬೇಕು, ಯಾವುದು ನೀರು ನಿಂತರೂ ಕೊಳೆಯದು, ಯಾವುದರ ಗಂಜಿ ಬಾಣಂತಿಗೆ ಒಳ್ಳೆಯದು ಎಲ್ಲವೂ ಅವಳ ಬಾಯಲ್ಲಿತ್ತು. ಈ ವರ್ಷದ ಬೇಸಿಗೆಯಲ್ಲಿ ಹನ್ನೊಂದು ಮಧ್ಯಾಹ್ನ ಬಸ್ಸಿನಲ್ಲಿ ಬಂದು, ಯಂತ್ರದ ಪಕ್ಕ ಕಾಲು ಚಾಚಿ ಕುಳಿತು ಹೇಳಿದಳು. ಸವಣೂರಿನ ಅಖ್ತರುನ್ನೀಸಾ, ಬೀಜ ಕೋಣೆಯ ಟೈಪಿಸ್ಟು, ಕೇಳಿದ್ದನ್ನು ಕೇಳಿದಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತ ಹೋದಳು. ಕಾಗದಕ್ಕೆ ಏನೂ ಇಳಿಯಲಿಲ್ಲ. ಪ್ರಿಂಟರಿನ ರಿಬ್ಬನ್ನು ಬರುವುದು ತಡವಾಯಿತು. ಎರಡು ಫ್ಲಾಪಿಗಳಲ್ಲಿ ತೆಗೆದಿಟ್ಟ ಪ್ರತಿಗೆ ಮಳೆಗಾಲದ ಬೂಸ್ಟು ಹಿಡಿಯಿತು. ಶ್ರಾವಣದಲ್ಲಿ ಅಡಿವೆವ್ವ ತೀರಿಕೊಂಡಳು. ಐವತ್ತೆರಡು ಭತ್ತ ಉಳಿದದ್ದು ಡಿಸ್ಕಿನ ಎರಡನೆಯ ಭಾಗದಲ್ಲಿ, ಡಿ ಎಂಬ ಅಕ್ಷರದ ಹಿಂದೆ ಮಾತ್ರ.

ಈಗ ಆ ಡಿ ಇರಲಿಲ್ಲ. ಕೇಳಿದರೆ ಅಂಥ ಡ್ರೈವೇ ಇಲ್ಲ ಎನ್ನುತ್ತಿತ್ತು ಯಂತ್ರ. ಡಿಸ್ಕಿನ ಮೊದಲ ಭಾಗವಾದ ಸಿ ಮಾತ್ರ ಏನೂ ಆಗದವರಂತೆ ತೆರೆಯುತ್ತಿತ್ತು.

ಆದದ್ದು ಇಷ್ಟು. ಹಬ್ಬದ ರಜೆಯಲ್ಲಿ ಯಂತ್ರದ ಒಳಗಿನ ನಾಲ್ಕು ಪೆನ್ಸಿಲ್ ಸೆಲ್ಲುಗಳು ಮುಗಿದಿದ್ದವು. ದಿನ, ವೇಳೆ, ತನ್ನ ಡಿಸ್ಕು ಯಾವ ಜಾತಿಯದು ಎಂಬ ನೆನಪನ್ನು ಯಂತ್ರ ಆ ಸೆಲ್ಲಿನ ಬಲದಿಂದ ಹಿಡಿದಿರುತ್ತದೆ. ಬೆಳಗ್ಗೆ ಗುತ್ತೆಪ್ಪ ರೇಡಿಯೊ ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿದ. ಡಿಸ್ಕಿನ ಜಾತಿಯ ನಂಬರು ಹೇಳು ಎಂದಿತು ಯಂತ್ರ. ಅದನ್ನು ಅವನು ಯಂತ್ರದ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ. ತಿರುಗಿಸಿ ನೋಡಿದರೆ ಅಲ್ಲಿ ಆಯುಧಪೂಜೆಯ ಮೂರು ಬೆರಳಿನ ವಿಭೂತಿ.

"ಹೊಳೆವ್ವಾ, ಇಲ್ಲೊಂದು ಬರದಿದ್ನೆಲ್ಲ?"

ಕಸ ಗುಡಿಸುತ್ತಿದ್ದ ಹೊಳೆವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಖಂಡೇ ಪೂಜಿಗೆ ತಿಕ್ಕಿ ತೊಳೀದ ವಿಭೂತಿ ಹಚ್ಚತಾರೇನ್ರಿ ಸಾಹೇಬ್ರ? ಗ್ವಾಡಿ ಮ್ಯಾಲ ಗೀಚೂ ಹುಡುಗ್ರಂಗ ದೇವರ ಬೆನ್ನ ಮ್ಯಾಲ ಬರದ್ರ ನಾ ಏನ್ ಮಾಡ್ಲಿ?"

ಡಿಸ್ಕನ್ನು ಓದುವ ಹೆಡ್ಡುಗಳು ಆರು ಎಂಬುದು ಗುತ್ತೆಪ್ಪನಿಗೆ ನೆನಪಿತ್ತು. ಯಂತ್ರ ತೋರಿಸಿದ ಡಿಸ್ಕು ಜಾತಿಗಳ ಪಟ್ಟಿಯಲ್ಲಿ ಆರು ಹೆಡ್ಡಿನ ಮೊದಲ ಸಾಲು ಮೂರನೆಯ ನಂಬರಿನದು. ಅದನ್ನೇ ಕೊಟ್ಟ. ಸಿ ತೆರೆಯಿತು, ನಂಬರು ಸರಿ ಎಂದು ನಂಬಿದ. ಎಲ್ಲವನ್ನೂ ಎರಡು ಸಲ ಎಣಿಸುವವನು ಇದೊಂದನ್ನು ಎಣಿಸಲಿಲ್ಲ.

ಹುಬ್ಬಳ್ಳಿಯ ರಿಪೇರಿಯವನು ಫೋನಿನಲ್ಲಿ ಹೇಳಿದ: "ಡಿ ಕೆಟ್ಟೈತ್ರಿ. ಎಫ್‌ಡಿಸ್ಕ್ ಹಚ್ಚಿ ಅದನ್ನ ಅಳಸ್ರಿ, ಹೊಸಾದ ಮಾಡ್ರಿ. ಹತ್ತು ಮಿನಿಟಿನ ಕೆಲಸ."

"ಒಳಗ ಇದ್ದದ್ದು?"

"ಒಳಗಿದ್ದದ್ದು ಹೋತ್ರಿ."

ಸೋಮವಾರದಿಂದ ಹಿಂಗಾರಿ ಬೀಜದ ಪರೀಕ್ಷೆ ಶುರು. ಅದರ ಲೆಕ್ಕ ಇಡಲು ಡಿ ಬೇಕೇ ಬೇಕು. ಗುತ್ತೆಪ್ಪ ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್ ತೆರೆದು ಅಳಿಸುವ ಸಾಲಿನವರೆಗೆ ಹೋದ. ಹೌದು ಎಂಬುದಕ್ಕೆ ಒಂದೇ ಅಕ್ಷರ ಒತ್ತಬೇಕು.

"ಒತ್ತಬ್ಯಾಡ್ರಿ," ಎಂದಳು ಹಿಂದೆ ನಿಂತಿದ್ದ ಅಖ್ತರುನ್ನೀಸಾ. "ಆ ಮುದುಕಿ ಹನ್ನೊಂದು ದಿನ ನನ್ನ ಬಾಜೂ ಕುಂತಾಳ್ರಿ. ಇನ್ನೊಮ್ಮೆ ಕೇಳೋಣಂದ್ರ ಎಲ್ಲಿ ಹೋಗೂದು?"

"ಒತ್ತಂಗಿಲ್ರಿ ಅಕ್ಕಾರ. ಸ್ವಲ್ಪ ಕುಂಡರ್ತೇನಿ."

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಮೊಳಕೆಯ ತಟ್ಟೆಗಳ ಮೇಲೆ ಮಲಗಿತ್ತು. ಒದ್ದೆ ಬಟ್ಟೆಯ ಹಸಿ ವಾಸನೆ. ಡಿಸ್ಕು ಒಳಗೊಳಗೇ ತುಂಬಿಯಂತೆ ಗುಂಯ್‌ಗುಡುತ್ತಿತ್ತು. ಗುತ್ತೆಪ್ಪನ ಕಣ್ಣು ಎಳೆಯಿತು. ನಿದ್ದೆಯಲ್ಲ, ಎಚ್ಚರವೂ ಅಲ್ಲ. ತೆನೆ ತೂಗುವ ಗದ್ದೆಯ ಬದುವಿನ ಮೇಲೆ ಅಡಿವೆವ್ವ ನಡೆದು ಹೋಗುತ್ತಿದ್ದಳು. ಗಂಧಸಾಲಿ, ಕುಂಕುಮಸಾಲಿ ಎಂದು ಮಕ್ಕಳನ್ನು ಕರೆದಂತೆ ಒಂದೊಂದನ್ನೇ ಕರೆಯುತ್ತಿದ್ದಳು. ಹೊಲದ ಗಡಿ ತೋರುವ ಹದ್ದಿನ ಕಲ್ಲು ಇರಬೇಕಾದಲ್ಲಿ ಕಲ್ಲಿರಲಿಲ್ಲ. ಅಪ್ಪ ಅಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಮಣ್ಣು ಕೆದರುತ್ತಿದ್ದ.

ಕೆದರಿದ್ದು ಕನಸಲ್ಲ, ಹಳೆಯ ನೆನಪು. ಕಲ್ಲು ಕಿತ್ತ ಹೊಲಕ್ಕೆ ಹೋದಾಗ ಅಪ್ಪ ಹೇಳುತ್ತಿದ್ದ: "ಕಲ್ಲ ಹೋದ್ರ ಹೊಲ ಹೋಗಂಗಿಲ್ಲೋ ತಮ್ಮಾ. ಹಿರ್ಯಾರು ಕಲ್ಲಿನ ಬುಡಕ ಇದ್ದಿಲಿ ಹೂತಿರ್ತಾರ. ಕಲ್ಲ ಸರಸಾವ್ರಿಗೆ ಅದು ಗೊತ್ತಿರಂಗಿಲ್ಲ. ಮೊದಲ ಇದ್ದಿಲಿ ಹುಡುಕು, ಆಮ್ಯಾಲ ಸರಪಳಿ ಹಿಡಿ."

ಗುತ್ತೆಪ್ಪ ಕಣ್ಣು ಬಿಟ್ಟ. ಅಳಿಸುವ ಸಾಲಿನಿಂದ ಹಿಂದೆ ಬಂದು, ಡಿಸ್ಕಿನ ವಿಭಾಗಗಳನ್ನು ಬರೇ ತೋರಿಸುವ ನಾಲ್ಕನೆಯ ಸಾಲನ್ನು ಆರಿಸಿದ.

ಡಿಸ್ಕಿನ ತಟ್ಟೆಗಳ ಮೇಲೆ ಜಾಗವು ಉಂಗುರ ಉಂಗುರವಾಗಿರುತ್ತದೆ. ಆ ಉಂಗುರಗಳನ್ನು ಸಿಲಿಂಡರ್ ಎಂದು ಎಣಿಸುತ್ತಾರೆ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಡಿಸ್ಕಿನ ಮೊಟ್ಟಮೊದಲ ಉಂಗುರದಲ್ಲೇ ಬರೆದಿರುತ್ತದೆ. ಸೆಲ್ಲು ಸತ್ತರೂ ಅದು ಅಳಿಯದು. ತೆರೆ ತೋರಿಸಿತು: ಮೊದಲ ಭಾಗ ಸೊನ್ನೆಯಿಂದ 641, ಎರಡನೆಯದು 642ರಿಂದ 817. ಅದರ ಕೆಳಗೆ, ಡಿಸ್ಕಿನ ಒಟ್ಟು ಸಿಲಿಂಡರ್ 614.

ಗುತ್ತೆಪ್ಪ ಎರಡು ಸಲ ಓದಿದ.

"ಅಕ್ಕಾರ, ಇಲ್ಲಿ ನೋಡ್ರಿ. ಆರುನೂರಾ ಹದಿನಾಲ್ಕು ಮಾರಿನ ಹೊಲದಾಗ ಎಂಟುನೂರಾ ಹದಿನೇಳನೇ ಮಾರಿಗೆ ಹದ್ದಿನ ಕಲ್ಲು ಹೆಂಗ ಇರತೈತಿ?"

"ಇರಂಗಿಲ್ಲ. ಅಳದಾವ ತಪ್ಯಾನ."

"ಅಳದಾವ ನಾನ ರೀ."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಗುತ್ತೆಪ್ಪನೂ ನಕ್ಕ. ಡಿ ಕೆಟ್ಟಿರಲಿಲ್ಲ. ಮೂರನೆಯ ನಂಬರು ಕೊಟ್ಟು ಅವನೇ ಯಂತ್ರಕ್ಕೆ ಚಿಕ್ಕ ಹೊಲ ಹೇಳಿದ್ದ. ಸಿಯ ಮೊದಲು ಆ ಚಿಕ್ಕ ಹೊಲದೊಳಗೇ ಇದ್ದುದರಿಂದ ಅದು ತೆರೆದಿತ್ತು. ಅದರ ಆಚೆ ಭತ್ತ ನಿಂತೇ ಇತ್ತು, ಯಂತ್ರ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ, ಅಷ್ಟೇ.

ಎಫ್‌ಡಿಸ್ಕನ್ನು ಏನೂ ಬದಲಿಸದೆ ಮುಚ್ಚಿ, ಯಂತ್ರವನ್ನು ಮತ್ತೆ ಎಬ್ಬಿಸಿ, ನಂಬರುಗಳ ಪಟ್ಟಿಯಲ್ಲಿ ಬೆರಳಿಟ್ಟು ಇಳಿದ. ಆರು ಹೆಡ್ಡು ಇರಬೇಕು. 817ಕ್ಕಿಂತ ಸ್ವಲ್ಪ ಹೆಚ್ಚು ಸಿಲಿಂಡರ್ ಇರಬೇಕು. ಕೊನೆಯ ಒಂದೆರಡನ್ನು ಯಂತ್ರ ತನಗೆ ಮೀಸಲಿಟ್ಟುಕೊಳ್ಳುತ್ತದೆ. ನಲವತ್ತನೆಯ ಸಾಲು: 820, ಆರು. ಪಟ್ಟಿಯ ಕೊನೆಯವರೆಗೂ ಹೋಗಿ, ಅಂಥದ್ದು ಇನ್ನೊಂದಿಲ್ಲವೆಂದು ನೋಡಿಕೊಂಡೇ 40 ಎಂದು ಕೊಟ್ಟ.

ಡಿ ತೆರೆಯಿತು. ಹನ್ನೊಂದು ಫೈಲುಗಳು, ಹನ್ನೊಂದು ಮಧ್ಯಾಹ್ನಗಳು.

ಅಖ್ತರುನ್ನೀಸಾ ಕೊನೆಯದನ್ನು ತೆರೆದು ಓದತೊಡಗಿದಳು. ಐವತ್ತೆರಡನೆಯ ಭತ್ತ, ಕರಿ ಮುಳ್ಳು, ಮೃಗಶಿರಾ ಮಳೆ. ಅದರ ಕೆಳಗೆ ಇನ್ನೂ ನಾಲ್ಕು ಸಾಲುಗಳಿದ್ದವು. ಅಂದು ಅಡಿವೆವ್ವ ಭತ್ತದ ಮಾತು ಮುಗಿಸಿದ ಮೇಲೂ ಅಖ್ತರುನ್ನೀಸಾಳ ಬೆರಳು ನಿಂತಿರಲಿಲ್ಲ.

"ತಂಗೀ, ಒಂದೀಟು ನೀರು ಕೊಡು. ಇದರಾಗ ಅದನೂ ಬರಿಯಾಕತ್ತಿಯೇನು? ಹುಚ್ಚಿ ಇದ್ದೀ. ಸಾಕಿನ್ನ, ಬಸ್ಸು ಬಂತು."

ಓದಿ ಮುಗಿಸಿ ಅವಳು ಹೊಸ ಫ್ಲಾಪಿಗಳ ಪೆಟ್ಟಿಗೆ ಎಳೆದುಕೊಂಡಳು. 

ಸಂಜೆಯ ಹೊತ್ತಿಗೆ ಹೊಸ ಫ್ಲಾಪಿಗಳಲ್ಲಿ ಮೂರು ಪ್ರತಿ ಆದವು. ಗುತ್ತೆಪ್ಪ ಒಂದು ಮೊಳೆ ತೆಗೆದುಕೊಂಡು ಯಂತ್ರದ ಬೆನ್ನಿನ ತಗಡಿನ ಮೇಲೆ, ವಿಭೂತಿಯ ಕೆಳಗೆ, ಒತ್ತಿ ಒತ್ತಿ ಗೀರಿ 40 ಎಂದು ಬರೆದ.

"ಇನ್ನ ಮುಂದಿನ ಹಬ್ಬಕ್ಕ ಎಷ್ಟು ಬೇಕಾದ್ರೂ ತಿಕ್ಕು, ಹೊಳೆವ್ವಾ."

"ತಿಕ್ಕತೇನಿ ಬಿಡ್ರಿ," ಎಂದಳು ಅವಳು, ಸೆರಗಿನಿಂದ ತಗಡಿನ ಪುಡಿ ಒರೆಸುತ್ತ. ಯಂತ್ರದ ತಾರೀಖು ಇನ್ನೂ 1980ರಲ್ಲೇ ಇತ್ತು. ಅದನ್ನು ನಾಳೆ ತಿದ್ದಿದರಾಯಿತು ಎಂದು ಗುತ್ತೆಪ್ಪ ಸ್ವಿಚ್ಚು ಆರಿಸಿದ.