ಖಾಲಿ ಹಾಳೆಯ ಕೆಳಗಿನ ಸಹಿ

ಬೈಂದೂರು ಹೊಸ ತಾಲೂಕಾದ ಮರುವರ್ಷ, ನವರಾತ್ರಿ ಮುಗಿದ ವಾರದ ಬುಧವಾರ, ಬೆಳಗ್ಗೆ ಹನ್ನೊಂದು ದಾಟಿತ್ತು. ಕಿರಿಮಂಜೇಶ್ವರಕ್ಕೂ ಶಿರೂರಿಗೂ ನಡುವಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ, ಅಧ್ಯಕ್ಷರ ಮೇಜಿನಿಂದ ನಾಲ್ಕು ಹೆಜ್ಜೆ ದೂರ, ಕಬ್ಬಿಣದ ಕಪಾಟಿನ ಎದುರು ನಾನು ನಿಂತಿದ್ದೆ. ಬೀಗದ ಕೈ ನನ್ನ ಬಲಗೈಯಲ್ಲಿತ್ತು. ನಾನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಜನರ ಬಾಯಲ್ಲಿ ಪಿಡಿಓ. ಇಷ್ಟನ್ನು ಖಚಿತವಾಗಿ ಹೇಳಲು ಕಾರಣವಿದೆ. ಆ ಕೈ ಬಹಳ ಹೊತ್ತು ಅಲುಗಲಿಲ್ಲ.

ಅಧ್ಯಕ್ಷೆ ಜಲಜಕ್ಕ, ಐವತ್ತು ದಾಟಿದವರು. ಅವರದು ತಾಯಿಯಿಂದ ಮಗಳಿಗೆ ಬರುವ ಮನೆ. ಗದ್ದೆ ಅವರ ಹೆಸರಲ್ಲಿ, ಮಾತು ಮಾತ್ರ ತಮ್ಮ ಭಾಸ್ಕರನದು. ಬೊಂಬಾಯಿಯ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂತು ಊರಿಗೆ ಮರಳಿದವನು. ಸ್ಥಾನ ಮಹಿಳೆಗೆ ಮೀಸಲಾದಾಗ ಅಕ್ಕನನ್ನು ನಿಲ್ಲಿಸಿದ, ಗೆದ್ದ ಮೇಲೆ ಅವಳ ಕುರ್ಚಿಯಲ್ಲಿ ತಾನು ಕೂತ. ಊರಿನವರು ಅವನನ್ನೇ ‘ಅಧ್ಯಕ್ಷರೇ’ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ.

ಪಂಚಾಯಿತಿ ಸಭೆಯ ನಿರ್ಣಯಗಳನ್ನು ಬರೆದಿಡುವ ನಡವಳಿ ಪುಸ್ತಕ ಕಚೇರಿ ಬಿಟ್ಟು ಹೋಗಬಾರದು. ಅಧ್ಯಕ್ಷರ ಸಹಿ ಬರಹ ಮುಗಿದ ಮೇಲೆ ಬೀಳಬೇಕು. ನಮ್ಮಲ್ಲಿ ಎರಡೂ ತಿರುಗುಮುರುಗು. ಸಭೆಯ ಮರುದಿನ ಅಟೆಂಡರ್ ಗಿರಿಜಾ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಜಲಜಕ್ಕನ ಮನೆಗೆ ಹೋಗುತ್ತಿದ್ದಳು. ಅವರು ಒದ್ದೆ ಕೈ ಸೆರಗಿಗೆ ಒರೆಸಿ ಖಾಲಿ ಹಾಳೆಯ ಕೆಳಗೆ ಸಹಿ ಹಾಕುತ್ತಿದ್ದರು. ಮೇಲಿನದನ್ನು ಭಾಸ್ಕರ ಹೇಳಿದಂತೆ ನಾನು ತುಂಬುತ್ತಿದ್ದೆ. ಈ ಪದ್ಧತಿ ನಾನು ಬರುವ ಮೊದಲೇ ಇತ್ತು. ಮುರಿಯದೆ ನಡೆಸಿದವನು ನಾನು.

ಆ ಸಲ ಗ್ರಾಮಸಭೆ, ಮನೆ ಕಟ್ಟಲು ಸರ್ಕಾರದ ನೆರವು ಪಡೆಯುವವರ ಪಟ್ಟಿಗೆ ಸರಸುವಿನ ಹೆಸರನ್ನು ಒಪ್ಪಿತ್ತು. ಗಂಡನ ಹೊಡೆತ ತಾಳದೆ ದೂರು ಕೊಟ್ಟು, ತಾಯಿ ಬಿಟ್ಟುಹೋದ ತುಂಡು ಜಾಗದಲ್ಲಿ ಟಾರ್ಪಾಲು ಕಟ್ಟಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದವಳು. ಆ ವರ್ಷದ ಮಳೆಗೆ ಟಾರ್ಪಾಲು ಹರಿದಿತ್ತು. ಗಂಡ ಭಾಸ್ಕರನ ದೋಸ್ತ. “ಗಂಡಗೆ ಮನಿ ಇತ್ತಲ್ದಾ ಸಾರ್. ಕೇಸ್ ವಾಪಸ್ ತಕಂಡ್ರೆ ಬಪ್ಪ ವರ್ಷ ಕಾಂಬ,” ಎಂದು ಭಾಸ್ಕರ ಅಂದ. ಪಟ್ಟಿಯನ್ನು ನಡವಳಿಗೆ ಇಳಿಸುವಾಗ ನಾನು ಅವಳ ಹೆಸರು ಬಿಟ್ಟು ಹಾಳೆ ತುಂಬಿದೆ. ಕೆಳಗೆ ಜಲಜಕ್ಕನ ಸಹಿ ಮೊದಲೇ ಇತ್ತು.

ಸರಸು ನೇರ ಅವರ ಮನೆಗೆ ಹೋಗಿ ಕೇಳಿದಳಂತೆ, “ಅಕ್ಕಾ, ನನ್ ಹೆಸ್ರ್ ತೆಗ್ದದ್ದ್ ನೀವೇ ಅಂಬ್ರ್, ಹೌದಾ?”

ಆ ಬುಧವಾರ ಜಲಜಕ್ಕ ಸರಸುವನ್ನು ಕರೆದುಕೊಂಡೇ ಬಂದರು. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಬಿಟ್ಟರೆ ಅವರು ಕಚೇರಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಕುರ್ಚಿಯಲ್ಲಿ ಭಾಸ್ಕರ ಕೂತಿದ್ದ.

“ಹ್ವಾಯ್ ಪಿಡಿಓ ಸಾರ್, ಆ ಪುಸ್ತಕ ಕೊಡಿ ಕಾಂಬ,” ಅಂದರು ಜಲಜಕ್ಕ.

ನಾನು ಭಾಸ್ಕರನ ಮುಖ ನೋಡಿದೆ.

“ಅಕ್ಕಾ, ನಿಂಗೆಂತಕ್ಕೆ ಇದೆಲ್ಲ? ಮನಿಗ್ ಹೋಗ್. ಪುಸ್ತಕ ನಾನ್ ಕಳ್ಸ್ತೆ,” ಅಂದ ಅವನು.

“ಮನಿಗ್ ಬಪ್ಪುದ್ ಖಾಲಿ ಹಾಳೆ ಮಾರಾಯ. ಬರ್ದ್ ಹಾಳೆ ಇಲ್ಲೇ ಇತ್ತಂಬ್ರ್. ಅದ್ಕೇ ಬಂದೆ.” ಅವರು ಮೇಜಿನ ಹತ್ತಿರ ಬಂದು ನಿಂತರು. “ಬೊಂಬಾಯಿ ಹೋಟ್ಲಿಗ್ ಸಾವ್ಕಾರ್ರ್ ಬಂದ್ರೆ ಗಲ್ಲೆ ಬಿಟ್ ಏಳ್ತಿದ್ದೆ ಅಲ್ದಾ? ಈಗ್ಲೂ ಏಳ್.”

ಗಿರಿಜಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಭಾಸ್ಕರ ಕೆಂಪಾದ. ನನ್ನತ್ತ ತಿರುಗಿ, “ಕೊಡುದ್ ಬ್ಯಾಡ ಸಾರ್,” ಅಂದ. ಜಲಜಕ್ಕ ನನ್ನ ಕೈಯನ್ನೇ ನೋಡುತ್ತ ನಿಂತರು. ಕಡೆಗೆ ಭಾಸ್ಕರನೇ ಕುರ್ಚಿ ಹಿಂದೆ ತಳ್ಳಿ ಎದ್ದು ಬಾಗಿಲ ಬಳಿ ಹೋಗಿ ನಿಂತ. ಅವನು ಎದ್ದ ಮೇಲೆಯೇ ನಾನು ಬೀಗ ತೆಗೆದದ್ದು.

ಅವರು ಕೂತು, ಬೆರಳಿಟ್ಟು, ಇಡೀ ಹಾಳೆಯನ್ನು ಗಟ್ಟಿಯಾಗಿ ಓದಿದರು. ಏಳನೇ ತರಗತಿಯ ಓದು, ಎಲ್ಲೂ ತಡವರಿಸಲಿಲ್ಲ. ತಮ್ಮ ಸಹಿಯ ಪಕ್ಕ ಬರೆದರು: ‘ನಾನು ಸಹಿ ಹಾಕುವಾಗ ಈ ಹಾಳೆಯಲ್ಲಿ ಅಕ್ಷರ ಇರಲಿಲ್ಲ.’ ಆಮೇಲೆ ನನಗೆ, “ಮತ್ತೊಂದ್ ಸಭಿ ಕರಿನಿ. ನಾನೇ ಬತ್ತೆ,” ಅಂದರು.

ಸಹಿಯ ಪಕ್ಕದ ಆ ವಾಕ್ಯ ನನ್ನ ನೌಕರಿಗೆ ಕುತ್ತು ತರಬಹುದಿತ್ತು. ಅವರು ಅದನ್ನು ನನ್ನ ವಿರುದ್ಧ ಬಳಸಲಿಲ್ಲ. ನೋಟಿಸು ಕೊಟ್ಟು ಸಭೆ ಕರೆದೆವು. ಒಂದೇ ಮತದ ಅಂತರದಲ್ಲಿ ಸರಸುವಿನ ಹೆಸರು ಪಟ್ಟಿಗೆ ಸೇರಿತು. ಅವಳು ದೂರು ಹಿಂತೆಗೆಯಲಿಲ್ಲ.

ಅವಧಿ ಮುಗಿಯಲು ಕೆಲವೇ ತಿಂಗಳಿದ್ದವು. ದಿನವೂ ಹತ್ತೂವರೆಯ ಬಸ್ಸಿಗೆ ಜಲಜಕ್ಕ ಬರುತ್ತಿದ್ದರು. “ಇವತ್ತ್ ಎಂತ ಇತ್ತ್ ಸಾರ್?” ಎಂದು ಕೇಳಿ ಪ್ರತಿ ಕಾಗದ ಓದಿ ಸಹಿ ಹಾಕುತ್ತಿದ್ದರು. ಅರ್ಜಿ ಹಿಡಿದು ಜಗಲಿಯಲ್ಲೇ ನಿಲ್ಲುತ್ತಿದ್ದ ಹೆಂಗಸರು ಒಳಗೆ ಬಂದು ಕೂರತೊಡಗಿದರು. ನನ್ನ ಮೂವತ್ತೆರಡು ವರ್ಷದ ಸೇವೆಯಲ್ಲಿ ಮರಳಿ ಬೇಕೆನಿಸುವುದು ಆ ಕೆಲವು ತಿಂಗಳು ಮಾತ್ರ. ನಿವೃತ್ತನಾಗಿ ಕೂತಿರುವ ಬ್ರಹ್ಮಾವರದ ಮನೆಯಲ್ಲಿ ಈಗಲೂ ಹತ್ತೂವರೆಗೆ ನನ್ನ ಕಿವಿ ಬಸ್ಸಿನ ಸದ್ದಿಗೆ ಕಾಯುತ್ತದೆ.

ಅದಕ್ಕೆ ಬೆಲೆ ತೆತ್ತದ್ದು ಅವರು. ಭಾಸ್ಕರ ಪೇಟೆಯಲ್ಲಿ ಬೇರೆ ಮನೆ ಮಾಡಿದ. ಹೊಸ ಅಕ್ಕಿ ಉಣ್ಣುವ ಹೊಸ್ತಿನ ದಿನ ಮನೆಯವರೆಲ್ಲ ಒಂದೇ ಸಾಲಲ್ಲಿ ಕೂರಬೇಕು. ಜಲಜಕ್ಕ ಪ್ರತಿ ವರ್ಷ ಅವನಿಗೊಂದು ಎಲೆ ಹಾಕಿ ಕಾಯುತ್ತಿದ್ದರು. ಒಮ್ಮೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರು ಕೇಳಿದ್ದು ಪಂಚಾಯಿತಿಯ ಸುದ್ದಿಯನ್ನಲ್ಲ. “ಭಾಸ್ಕರ ಸಿಕ್ರೆ ಹೇಳಿ ಸಾರ್, ಈಗ್ಲೂ ಎಲೆ ಹಾಕ್ತಾ ಇದ್ದೆ ಅಂದೇಳಿ.” ನಾನು ಹೇಳಿದೆ. ಅವನು ಬರಲಿಲ್ಲ. ಎರಡು ವರ್ಷದ ಕೆಳಗೆ ಜಲಜಕ್ಕ ತೀರಿಕೊಂಡರು.

ಕಾನೂನು ಅವರಿಗೆ ಕುರ್ಚಿ ಕೊಟ್ಟಿತ್ತು. ಅವರು ಬಂದು ಕೂರದಂತೆ ನೋಡಿಕೊಂಡದ್ದು ಭಾಸ್ಕರನೊಬ್ಬನೇ ಅಲ್ಲ, ಪುಸ್ತಕವನ್ನು ಚೀಲದಲ್ಲಿ ಕಳಿಸುತ್ತಿದ್ದ ನಾನೂ ಹೌದು. ನೌಕರಿ ನನಗೆ ಕಲಿಸಿದ್ದು ಇದನ್ನು, ಅದೂ ತಡವಾಗಿ. ಬೀಗದ ಕೈ ಹಿಡಿದವನು ಇನ್ನೊಬ್ಬ ಏಳಲಿ ಎಂದು ಕಾಯಬಾರದು.

ಆ ಬೆಳಗ್ಗೆ ಆ ಕೋಣೆಯಲ್ಲಿದ್ದವರಲ್ಲಿ ನನ್ನ ಹೊರತು ಇನ್ನೂ ಬದುಕಿರುವವರು ಮೂವರು. ಸರಸು, ಹೆಂಚು ಹೊದಿಸಿದ ತನ್ನ ಮನೆಯಲ್ಲಿ. ಗಿರಿಜಾ, ಅದೇ ಕಚೇರಿಯಲ್ಲಿ. ಮತ್ತೆ ಭಾಸ್ಕರ. ಕಳೆದ ಹೊಸ್ತಿಗೆ ಅವನು ಅಕ್ಕನ ಮನೆಗೆ ಹೋಗಿ, ಅವಳ ಜಾಗದಲ್ಲೊಂದು ಎಲೆ ಹಾಕಿಸಿ, ಅದರ ಪಕ್ಕದಲ್ಲಿ ಕೂತು ಉಂಡನಂತೆ.