ಪರದೇಶದ ಫಾರ್ಮು, ಸನವಳ್ಳಿಯ ಕೈ

ಎಂಬತ್ತರ ದಶಕದ ಆರಂಭ. ಎಂ.ಎಸ್ಸಿ. ಮುಗಿಸಿದ ಬೇಸಿಗೆಯಲ್ಲಿ ಕೀಲುನೋವಿನ ಸಮೀಕ್ಷೆಯೊಂದಕ್ಕೆ ಮುಂಡಗೋಡ ತಾಲೂಕಿನ ಮನೆಮನೆಗೆ ಹೋಗಿ ಫಾರ್ಮು ತುಂಬುವ ಕೆಲಸ ಹಿಡಿದೆ. ಕೀಲುಬೇನೆಯನ್ನೇ ಓದಿದ ಡಾಕ್ಟರು ಆಗ ನಮ್ಮ ಕಡೆ ಇರಲಿಲ್ಲ. ಹಾಗಾಗಿ ಪರದೇಶದಲ್ಲಿ ಕಲಿತುಬಂದ ನಮ್ಮ ಹಿರಿಯ ಡಾಕ್ಟರು ಜೀಪಿನಿಂದ ಇಳಿದರೆ ಜನ ಎದ್ದು ನಿಲ್ಲುತ್ತಿದ್ದರು. ನಾನೂ ನಿಲ್ಲುತ್ತಿದ್ದೆ.

ಫಾರ್ಮನ್ನೂ ಅವರು ಅಲ್ಲಿಂದಲೇ ತಂದಿದ್ದರು. ನಳ ತಿರುಗಿಸಲು ಕಷ್ಟವೇ? ಕಾರು ಹತ್ತಿ ಇಳಿಯಲು? ಚಾಕುವಿನಿಂದ ಮಾಂಸ ಕತ್ತರಿಸಲು? ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು. ಆ ಕೆಲಸವೇ ಆ ಮನೆಯಲ್ಲಿ ಇಲ್ಲವೆಂದರೆ ಸೊನ್ನೆ. ಹೆಚ್ಚು ಅಂಕ ಬಂದವರಿಗಷ್ಟೇ ಪಟ್ಟಣದ ಆಸ್ಪತ್ರೆಯಲ್ಲಿ ಚಿಕಿತ್ಸೆ.

ಸನವಳ್ಳಿಯ ಒಬ್ಬ ಹೆಂಗಸಿಗೆ ಬೆರಳುಗಳು ಬುಡದಿಂದಲೇ ಹೊರಗೆ ವಾಲಿದ್ದವು. ನಲವತ್ತು ದಾಟಿರಲಿಲ್ಲ. ರೊಟ್ಟಿ ಬಡಿಯಲು, ಬಾವಿಯಿಂದ ಕೊಡ ಸೇದಲು ಆಗುತ್ತಿರಲಿಲ್ಲ. ಕುಬಸವನ್ನೂ ಮಗಳೇ ತೊಡಿಸಬೇಕು. ಮಗಳ ಮದುವೆ ಗೊತ್ತಾಗಿತ್ತು. ಅವಳು ಹೋಗುವುದರೊಳಗೆ ಕೈ ನೆಟ್ಟಗಾಗಬೇಕು ಅಂದಳು. ನಳವಿಲ್ಲದ, ಮಾಂಸ ಮುಟ್ಟದ ಮನೆ. ಸೊನ್ನೆಯ ಕೆಳಗೆ ಸೊನ್ನೆ ಬರೆದೆ.

ರೊಟ್ಟಿಯ ಪ್ರಶ್ನೆ ಸೇರಿಸೋಣವೇ ಎಂದು ಡಾಕ್ಟರನ್ನು ಕೇಳಿದೆ. ಫಾರ್ಮು ಬದಲಿಸಿದರೆ ಅಲ್ಲಿಯ ಅಂಕಿಗಳೊಂದಿಗೆ ಹೋಲಿಸಲು ಬರುವುದಿಲ್ಲ, ಲೇಖನ ಯಾರೂ ಅಚ್ಚುಹಾಕುವುದಿಲ್ಲ ಅಂದರು. ಆದರೆ ಆ ಕೈ ಅವರಿಗೆ ಬಹಳ ಹಿಡಿಸಿತು. ಕಪ್ಪು ಬಟ್ಟೆ ಹಾಸಿಸಿ ಕ್ಯಾಮೆರಾ ತೆಗೆದರು. ಬಳೆ ಅಡ್ಡ ಬರುತ್ತವೆ, ಒಡೆಸಿ ಅಂದರು. ಗಂಡ ಎದುರಿಗೇ ನಿಂತಿದ್ದ. ಆಕೆ ಕೈ ಎಳೆದುಕೊಂಡಳು. ಕೊನೆಗೆ ನಾನೇ ಆ ಬಳೆಗಳನ್ನು ಮೇಲಕ್ಕೆ ಸರಿಸಿ, ಚಿತ್ರ ಮುಗಿಯುವವರೆಗೆ ಒತ್ತಿ ಹಿಡಿದೆ. ಅದನ್ನು ನೆನೆದರೆ ಈಗಲೂ ನನ್ನ ಬಗ್ಗೆ ನನಗೆ ಹೇಸಿಗೆ.

ಚಿಕಿತ್ಸೆಯ ಯಾದಿಯಲ್ಲಿ ಆಕೆ ಇರಲಿಲ್ಲ. ಹೇಳಲು ನನ್ನನ್ನೇ ಕಳಿಸಿದರು. ಕಾರಣವನ್ನೂ ಹೇಳಿದೆ.

"ನಳಾ ಇಲ್ಲಂತ ನಾ ಆರಾಮ ಅದೀನೇನ್ರಿ, ಅಕ್ಕಾರ?"

ಒಳಗಿಂದ ಮಗಳು, ಹಂಗಾದ್ರ ಮೊದಲ ಒಂದು ಕಾರು ಕಳಸ್ರಿ, ಹತ್ತಾಕ ಬರತೈತೋ ಇಲ್ಲೋ ನೋಡೂಣು ಅಂತ ನಕ್ಕಳು. ತಾಯಿ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಮುಂದಿನ ವರ್ಷ ಮತ್ತ ಬರ್ತೇವ್ರಿ," ಅಂದೆ.

ಸಮೀಕ್ಷೆ ಆ ವಾರಕ್ಕೇ ಮುಗಿಯುವುದಿತ್ತು. ಆಕೆ ನಂಬಿದಳು. ಹೊಸ್ತಿಲವರೆಗೆ ಬಂದು ಯಾವ ತಿಂಗಳು ಎಂದು ಕೇಳಿದಳು. ನಾನು ತಿಂಗಳನ್ನೂ ಹೇಳಿದೆ.